ವನುವಾಟುವಿನ ಹುಡುಗರು ಕೇಳಿದ್ದು ಭಿಕ್ಷೆಯಲ್ಲ

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: 'ಭೂಮಿ ಎಲ್ಲರದ್ದು ಅಂದಮೇಲೆ ಅದನ್ನು ಕಾಯುವ ಹೊಣೆಯೂ ಎಲ್ಲ ದೇಶಗಳಿಗೆ ಸಮ. ಇಂಗಾಲ ಉಗುಳುವುದರಲ್ಲಿ ಭಾರತ ಈಗ ಮೂರನೇ ಸ್ಥಾನದಲ್ಲಿದೆ. ಅಮೆರಿಕ, ಯುರೋಪಿನ ಹಳೇ ಲೆಕ್ಕವನ್ನು ಇನ್ನೆಷ್ಟು ದಿನ ತೆಗೆಯುತ್ತಾ ಕೂರುತ್ತೀರಿ?'

ಮೂರನೇ ಸ್ಥಾನದ ಮಾತು ನಿಜ. ಕಲ್ಲಿದ್ದಲು ಸುಡುವುದರಲ್ಲಿ ಚೀನಾ ಬಿಟ್ಟರೆ ನಾವೇ. ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಆದರೆ ಹಳೇ ಲೆಕ್ಕ ಬೇಡ ಅಂತೀರಲ್ಲ, ಅಲ್ಲಿ ನೀವು ಎಡವಿದ್ದೀರಿ. ಇಂಗಾಲದ ಡೈಆಕ್ಸೈಡ್ ನಾಳೆ ಕರಗಿ ಹೋಗುವ ಹೊಗೆಯಲ್ಲ, ಅದರಲ್ಲಿ ಒಂದು ಪಾಲು ನೂರಾರು ವರ್ಷ ಮೇಲೇ ಉಳಿಯುತ್ತದೆ, ಅಂದರೆ ಇವತ್ತಿನ ಸೆಕೆಯಲ್ಲಿ ಮುತ್ತಜ್ಜನ ಕಾಲದ ಮ್ಯಾಂಚೆಸ್ಟರಿನ ಗಿರಣಿಯ ಪಾಲೂ ಇದೆ. ಇಲ್ಲಿಯವರೆಗೆ ಕಲ್ಲಿದ್ದಲು, ಎಣ್ಣೆ ಸುಟ್ಟು ಬಂದ ಇಂಗಾಲದಲ್ಲಿ ಸುಮಾರು ಕಾಲು ಭಾಗ ಅಮೆರಿಕ ಒಂದರದ್ದೇ. ನಮ್ಮದು ಶೇ 4ರ ಒಳಗೆ. ಕೆರೆಯ ಹೂಳೆತ್ತುವ ದಿನ ಹತ್ತು ಎಕರೆ ಗದ್ದೆಯವನೂ ಅರ್ಧ ಎಕರೆಯವನೂ ಒಂದೇ ಲೆಕ್ಕದಲ್ಲಿ ಆಳು ಕಳಿಸಬೇಕು ಅಂದರೆ ಊರು ಒಪ್ಪುತ್ತದಾ?

ಇದು ನನ್ನ ಹಟವಲ್ಲ. 1992ರಲ್ಲಿ ಬ್ರೆಜಿಲಿನ ರಿಯೊ ನಗರದಲ್ಲಿ ಎಲ್ಲ ದೇಶಗಳೂ ಸೇರಿ ಒಪ್ಪಿದ ಮಾತು: ಹೊಣೆ ಎಲ್ಲರದ್ದು, ಆದರೆ ಪಾಲು ಬೇರೆ ಬೇರೆ. ಓಜೋನ್ ಪದರದ ವಿಷಯದಲ್ಲಿ ಹೀಗೆ ನಡೆದುಕೊಂಡು ಗೆದ್ದೂ ಆಗಿದೆ. 1987ರ ಮಾಂಟ್ರಿಯಲ್ ಒಪ್ಪಂದದಲ್ಲಿ, ಆ ಪದರ ಹಾಳುಮಾಡುವ ರಾಸಾಯನಿಕಗಳನ್ನು ಬಿಡಲು ಬಡ ದೇಶಗಳಿಗೆ ಹತ್ತು ವರ್ಷ ಜಾಸ್ತಿ ಸಮಯ ಕೊಟ್ಟರು, ಆಮೇಲೆ ಶ್ರೀಮಂತ ದೇಶಗಳು ಹಣದ ನಿಧಿಯನ್ನೂ ಕಟ್ಟಿದವು. ಓಜೋನ್ ಪದರ ಈಗ ಚೇತರಿಸಿಕೊಳ್ಳುತ್ತಿದೆ.

ನಿಮಗೆ ವನುವಾಟುವಿನ ಕಥೆ ಹೇಳಲೇಬೇಕು. ಪೆಸಿಫಿಕ್ ಸಾಗರದ ಪುಟ್ಟ ದ್ವೀಪ ದೇಶ, ಜನ ಮೂರು ಲಕ್ಷದ ಆಸುಪಾಸು. 2015ರಲ್ಲಿ ಪಾಮ್ ಚಂಡಮಾರುತ ಬಂದು ವರ್ಷದ ಆದಾಯದ ಅರ್ಧಕ್ಕಿಂತ ಹೆಚ್ಚನ್ನು ಕೊಚ್ಚಿಕೊಂಡು ಹೋಯಿತು. 2019ರಲ್ಲಿ ಅಲ್ಲಿ ಕಾನೂನು ಓದುತ್ತಿದ್ದ 27 ಹುಡುಗ ಹುಡುಗಿಯರು, ಹವಾಮಾನದ ವಿಷಯದಲ್ಲಿ ದೇಶಗಳ ಹೊಣೆ ಏನು ಎಂಬ ಪ್ರಶ್ನೆಯನ್ನು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೇ ಒಯ್ಯಬೇಕು ಅಂತ ಹೊರಟರು. ಯಾರೂ ನಂಬಲಿಲ್ಲ ಅನ್ನಿ. 2023ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ನ್ಯಾಯಾಲಯದ ಅಭಿಪ್ರಾಯ ಕೇಳಲು ಒಪ್ಪಿತು. 2025ರ ಜುಲೈ 23ರಂದು ನ್ಯಾಯಾಲಯ ಒಮ್ಮತದಿಂದ ಹೇಳಿತು: ಹವಾಮಾನ ಕಾಯುವುದು ದೇಶಗಳ ಕಾನೂನುಬದ್ಧ ಕರ್ತವ್ಯ, ತಪ್ಪಿದವರು ಪರಿಹಾರ ಕೊಡಬೇಕಾಗಬಹುದು. ಇದು ಸಲಹೆಯ ಅಭಿಪ್ರಾಯ, ಜಾರಿ ಮಾಡಲು ಪೊಲೀಸರಿಲ್ಲ. ಆದರೂ, ಕಾಲೇಜು ಮಕ್ಕಳು ಮಾಡಿದ ಕೆಲಸ ಅಲ್ವಾ, ಓದಿದಾಗ ನನ್ನ ಕಣ್ಣು ತುಂಬಿತು. ವಿಚಾರಣೆಯಲ್ಲಿ ಅಮೆರಿಕ, ಬ್ರಿಟನ್ ಜೊತೆ ನಮ್ಮ ದೇಶವೂ ಈಗಿರುವ ಒಪ್ಪಂದಗಳೇ ಸಾಕು, ಹೊಸ ಹೊಣೆ ಬೇಡ ಎಂದು ವಾದಿಸಿತು. ಅದು ನನಗೆ ನೋವಾದ ಸಂಗತಿ. ನಿಮ್ಮ ಪತ್ರದ ಸಿಟ್ಟನ್ನು ಅಲ್ಲಿಗೆ ತಿರುಗಿಸಿದರೆ ನಾನೂ ನಿಮ್ಮ ಜೊತೆ ಇದ್ದೇನೆ.

ಶ್ರೀಮಂತ ದೇಶಗಳ ಮಾತಿಗೆ ಬೆಲೆ ಎಷ್ಟು ನೋಡಿ. ಹವಾಮಾನದ ಕೆಲಸಕ್ಕೆ ಬಡ ದೇಶಗಳಿಗೆ 2020ರೊಳಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುತ್ತೇವೆ ಎಂದು 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಹೇಳಿದರು. ಅದು ಮುಟ್ಟಿದ್ದು 2022ರಲ್ಲಿ, ಅದೂ ಬಹುಪಾಲು ಸಾಲದ ರೂಪದಲ್ಲಿ! ತಾವು ಹಾಳು ಮಾಡಿದ್ದಕ್ಕೆ ನಷ್ಟ ಆದವನಿಗೇ ಸಾಲ ಕೊಡುವುದು ಯಾವ ನ್ಯಾಯ?

ದೂರ ಯಾಕೆ, ಪಕ್ಕದ ಮೂಡಿಗೆರೆಯನ್ನೇ ನೋಡಿ. ಕಾಡು ಕಡಿದ ಜಮೀನಿನ ಕಾಫಿ ಬೇಡ ಎಂದು ಯುರೋಪ್ 2023ರಲ್ಲಿ ಕಾನೂನು ತಂದಿತು. ಉದ್ದೇಶ ಒಳ್ಳೆಯದೇ. ತನ್ನ ಕಾಡನ್ನು ಶತಮಾನಗಳ ಹಿಂದೆಯೇ ಕಡಿದು ಹೊಲ ಮಾಡಿಕೊಂಡ ಯುರೋಪಿಗೆ ಈಗ ಮರದ ನೆರಳಲ್ಲೇ ಕಾಫಿ ಬೆಳೆಯುವ ನಮ್ಮ ಸಣ್ಣ ಬೆಳೆಗಾರ ಜಿಪಿಎಸ್ ಗುರುತು, ದಾಖಲೆ ಎಲ್ಲ ಕೊಟ್ಟು ತಾನು ಕಾಡು ಕಡಿದಿಲ್ಲ ಎಂದು ಸಾಬೀತು ಮಾಡಬೇಕು. ಅವರ ಕಂಪನಿಗಳು ಗೊಣಗಿದ ಮೇಲೆ ಜಾರಿಯ ದಿನಾಂಕವನ್ನು ಎರಡು ಸಲ ಮುಂದೂಡಿದರು. ಇಲ್ಲಿಯ ಎರಡೆಕರೆಯವನ ಓಡಾಟದ ಖರ್ಚನ್ನು ಯಾರು ಕೊಡುತ್ತಾರೆ ಎಂದು ಮಾತ್ರ ಯಾರೂ ಹೇಳುತ್ತಿಲ್ಲ. ಆ ಕಡೆ ಹೋದಾಗ ಅಂಥ ಒಬ್ಬರನ್ನು ಮಾತಾಡಿಸಿ, ಸಮ ಹೊಣೆ ಅಂದರೆ ಅವರಿಗೆ ಏನನ್ನಿಸುತ್ತದೆ ಅಂತ ಕೇಳಿ. ಅವರು ಹೇಳಿದ್ದನ್ನು ಬರೆದು ಕಳಿಸಿ, ಖಂಡಿತ ಹಾಕುತ್ತೇವೆ.

– ಸಂ.