ಕಚೇರಿಗೆ ಹೋಗಲು ಕಚೇರಿಯಿಂದ ರಜೆ

ಓದುಗರ ಪತ್ರ: ನಾನು ಚಿಕ್ಕಮಗಳೂರಿನಲ್ಲಿ ಕಾಫಿ ಖರೀದಿ ಮಾಡುವ ಒಂದು ಖಾಸಗಿ ಸಂಸ್ಥೆಯಲ್ಲಿ ಏಳು ವರ್ಷಗಳಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಸಂಗೀತ ಕಲಿಯಲು ತೊಡಗಿ ಹನ್ನೊಂದು ವರ್ಷವಾಯಿತು. ತಮಿಳುನಾಡಿನ ತಿರುವೈಯಾರಿನಲ್ಲಿ ನಡೆಯುವ ವಾಗ್ಗೇಯಕಾರ ತ್ಯಾಗರಾಜರ ಆರಾಧನೆಯಲ್ಲಿ ಎಲ್ಲರ ಜೊತೆ ಕುಳಿತು ಅವರ ಐದು ಕೃತಿಗಳಾದ ಪಂಚರತ್ನ ಹಾಡಬೇಕೆಂಬುದು ನನ್ನ ಬಹುದಿನದ ಆಸೆ. ಕಳೆದ ಸಲ ರಜೆ ಕೇಳಿದಾಗ ಮ್ಯಾನೇಜರ್, “ಮನೆಯಲ್ಲಿ ಮದುವೆಯೋ ಮುಂಜಿಯೋ ಇದ್ದರೆ ಹೇಳಿ, ಕೊಡೋಣ, ಹಾಡಿಗೆಲ್ಲ ಕೊಯ್ಲಿನ ಕಾಲದಲ್ಲಿ ರಜೆ ಇಲ್ಲ” ಎಂದರು. ಜೊತೆಯವರು, ಯಾರೋ ತೀರಿಕೊಂಡರೆಂದು ಹೇಳಿ ಹೋಗಿಬಿಡಿ ಎನ್ನುತ್ತಾರೆ. ಪಂಚರತ್ನದ ನಾಲ್ಕು ಕೃತಿಗಳನ್ನು ಗುರುಗಳು ಹೇಳಿಕೊಟ್ಟರು, ವರಾಳಿ ರಾಗದ್ದನ್ನು ಮಾತ್ರ ಕೇಳಿ ಕಲಿತೆ. ನಾನು ಏನು ಮಾಡಲಿ? (ಹೆಸರು ಬೇಡವೆಂದಿದ್ದಾರೆ.)

ಸಂಪಾದಕರ ಉತ್ತರ:

ಸೋದರಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೆಲಸ ಮಾಡುವ ಜಾಗವನ್ನೂ ಸಂಗೀತ ನಡೆಯುವ ಸಭೆಯನ್ನೂ ನಮ್ಮ ಭಾಷೆ ‘ಕಚೇರಿ’ ಎಂಬ ಒಂದೇ ಮಾತಿನಿಂದ ಕರೆಯುತ್ತದೆ. ಆದರೂ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಿ ಬರುವ ದಾರಿ ನಿಮ್ಮಂಥವರಿಗೆ ಇಷ್ಟು ಇಕ್ಕಟ್ಟಾಗಿದೆ. ಮೊದಲಿಗೇ ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ರಜೆಯನ್ನು ಸಂಗೀತದ ಹೆಸರಿನಲ್ಲಿಯೇ ಕೇಳಿ, ಬಹಳ ಮುಂಚೆಯೇ ಕೇಳಿ, ಬರವಣಿಗೆಯಲ್ಲಿ ಕೇಳಿ. ಯಾರನ್ನೂ ಸಾಯಿಸಬೇಡಿ.

ಈ ಕೊನೆಯ ಮಾತನ್ನು ಅನುಭವದಿಂದ ಹೇಳುತ್ತಿದ್ದೇನೆ. ಬಹಳ ವರ್ಷಗಳ ಹಿಂದೆ ನಾನು ಹಾಸನದ ಒಂದು ಖಾಸಗಿ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ, ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ರಾಮನವಮಿಯ ಕಚೇರಿಗಳನ್ನು ಕೇಳಬೇಕೆಂದು, ಸೋದರಮಾವ ತೀರಿಕೊಂಡರೆಂದು ಹೇಳಿ ಮೂರು ದಿನ ರಜೆ ಪಡೆದೆ. ಮಾವ ಆಗ ಊರಿನಲ್ಲಿ ಆರೋಗ್ಯವಾಗಿದ್ದರು. ಚಪ್ಪರದ ಕೆಳಗೆ ಕುಳಿತು ಮೂರು ಸಂಜೆ ಕೇಳಿದ ಸಂಗೀತ ನನ್ನ ಆಯುಷ್ಯದ ಒಳ್ಳೆಯ ಕೇಳ್ಮೆಗಳಲ್ಲಿ ಒಂದು. ಹಿಂದಿರುಗಿದ ದಿನ ಸಂಜೆ, ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಹಿರಿಯರು ನಾನಿದ್ದ ಕೋಣೆಯ ಬಾಗಿಲಿಗೆ ಬಂದರು. ಕೈಯಲ್ಲಿ ಮೂರು ಬಟ್ಟಲಿನ ಟಿಫನ್ ಕ್ಯಾರಿಯರ್ ಇತ್ತು. ಸಾವಿನ ಮನೆಯಿಂದ ಬಂದವನು ಒಬ್ಬನೇ ಒಲೆ ಹಚ್ಚಿಕೊಂಡು ಏನು ಬೇಯಿಸಿಯಾನು ಎಂದು ಅವರ ಹೆಂಡತಿ ಅನ್ನ, ಸಾರು, ಹುರುಳಿಕಾಯಿ ಪಲ್ಯ ಕಳುಹಿಸಿದ್ದರು. ಸಾರು ಇನ್ನೂ ಬಿಸಿಯಾಗಿತ್ತು. ಅವರು ಚಾಪೆಯ ಮೇಲೆ ಕುಳಿತು, ಮಾವನವರಿಗೆ ಎಷ್ಟು ವಯಸ್ಸಾಗಿತ್ತು, ಮಕ್ಕಳು ದೊಡ್ಡವರೇ ಎಂದು ಮೆಲ್ಲಗೆ ವಿಚಾರಿಸುತ್ತ ಹೋದರು. ನಾನು ಒಂದು ಸುಳ್ಳಿಗೆ ಇನ್ನೊಂದನ್ನು ಜೋಡಿಸುತ್ತ ಆ ಅನ್ನವನ್ನು ಉಂಡೆ. ಅಂದಿನಿಂದ ಆ ಕಚೇರಿಯನ್ನು ಬಿಡುವವರೆಗೆ ನಾನು ಅಲ್ಲಿ ಸಂಗೀತದ ಮಾತನ್ನೇ ಎತ್ತಲಿಲ್ಲ. ಸಂಗೀತವನ್ನು ಕೇಳಿ ಬಂದವರಿಗೆ ಅದನ್ನು ನಾಲ್ಕು ಜನರಿಗೆ ಹೇಳಿಕೊಳ್ಳುವುದು ಕೇಳಿದಷ್ಟೇ ದೊಡ್ಡ ಸುಖ. ಆ ಸುಖವನ್ನು ನಾನೇ ಕೈಯಾರೆ ಕಳೆದುಕೊಂಡಿದ್ದೆ. ತಿರುವೈಯಾರಿನಲ್ಲಿ ಹಾಡಿ ಬಂದ ಮರುದಿನ ನೀವು ಬಾಡಿದ ಮುಖ ಮಾಡಿಕೊಂಡು ಲೆಕ್ಕದ ಪುಸ್ತಕ ತೆರೆಯಬೇಕಾಗಿ ಬರಬಾರದು.

ನಿಮ್ಮ ಮ್ಯಾನೇಜರ್ ಅವರ ಮಾತಿನಲ್ಲಿ ಎರಡು ಸಂಗತಿಗಳು ಬೆರೆತಿವೆ. ಕೊಯ್ಲಿನ ಕಾಲ ಎಂಬುದು ನಿಜ. ಅರೇಬಿಕಾ ಕಾಫಿ ನವೆಂಬರಿನಲ್ಲಿ ಹಣ್ಣಾಗತೊಡಗಿ ಜನವರಿಯವರೆಗೂ ನಡೆಯುತ್ತದೆ, ಅದರ ಬೆನ್ನಿಗೇ ರೊಬಸ್ಟಾ ಬರುತ್ತದೆ. ಬೆಳೆಗಾರರು ಕಣದಲ್ಲಿ ಹೊರಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟನ್ನೂ ಇಡೀ ಹಣ್ಣಾಗಿಯೇ ಒಣಗಿಸಿದ ಚೆರ್ರಿಯನ್ನೂ ಮೂಟೆ ಕಟ್ಟಿ ತರುವುದು, ತೂಕದ ಚೀಟಿಗಳು ನಿಮ್ಮ ಮೇಜಿನ ಮೇಲೆ ರಾಶಿ ಬೀಳುವುದು, ಹಣ ಇಂದೇ ಬೇಕೆಂದು ಅವರು ನಿಮ್ಮೆದುರು ಕಾದು ಕೂರುವುದು, ಎಲ್ಲವೂ ಆ ದಿನಗಳಲ್ಲಿಯೇ. ಅಂಥ ಹೊತ್ತಿನಲ್ಲಿ ಲೆಕ್ಕದವರೇ ಇಲ್ಲವೆಂದರೆ ಯಾವ ಮ್ಯಾನೇಜರಿಗೂ ಆತಂಕವಾಗುತ್ತದೆ. ಆದರೆ “ಹಾಡಿಗೆಲ್ಲ ರಜೆ ಇಲ್ಲ” ಎಂದದ್ದು ಬೇರೆಯೇ ಸಂಗತಿ, ಅದನ್ನು ನಾನು ಒಪ್ಪುವುದಿಲ್ಲ. ಅದೇ ಕೊಯ್ಲಿನ ಕಾಲದಲ್ಲಿ ಮಾಲೆ ಹಾಕಿದವರು ಶಬರಿಮಲೆಗೆ ಹೊರಡುತ್ತಾರೆ. ಜನವರಿ 14ರ ಮಕರಜ್ಯೋತಿಗೆ ಹೋಗುವವರನ್ನು ಯಾವ ಕಚೇರಿಯೂ ತಡೆದದ್ದನ್ನು ನಾನು ಕಂಡಿಲ್ಲ, ತಡೆಯಲೂ ಬಾರದು. ಊರಿನ ತೇರಿಗೆ ರಜೆಯಿದೆ, ಹತ್ತಿರದ ನೆಂಟರ ಮನೆಯ ಗೃಹಪ್ರವೇಶಕ್ಕೂ ಇದೆ. ತ್ಯಾಗರಾಜರು 1847ರ ಪುಷ್ಯ ಬಹುಳ ಪಂಚಮಿಯಂದು ದೇಹಬಿಟ್ಟರು. ಅವರ ಸಮಾಧಿಯ ಮುಂದೆ ಅದೇ ತಿಥಿಯಂದು ನೂರಾರು ಜನ ಕುಳಿತು ಅವರದೇ ಕೃತಿಗಳನ್ನು ಅವರಿಗೆ ಒಪ್ಪಿಸುತ್ತಾರೆ. ಹಾಡುವವರ ಪಾಲಿಗೆ ಅದು ಶ್ರಾದ್ಧವೂ ಹೌದು, ಯಾತ್ರೆಯೂ ಹೌದು. ನೀವು ಮನರಂಜನೆಗೆ ಹೊರಟಿರುವಿರಿ ಎಂದು ಮ್ಯಾನೇಜರ್ ತಿಳಿದಿರಬಹುದು. ಪಂಚಮಿಯ ವಿಷಯವನ್ನು ಅವರಿಗೆ ಯಾರಾದರೂ ಬಿಡಿಸಿ ಹೇಳಿದ್ದಾರೆಯೇ? ನೀವು ಹೇಳಿದಿರಾ? ಪತ್ರದಲ್ಲಿ ಅದಿಲ್ಲ.

ಕಾನೂನಿನ ಮಾತನ್ನೂ ತಿಳಿದಿರುವುದು ಒಳ್ಳೆಯದು. ನಿಮ್ಮದು ವ್ಯಾಪಾರದ ಕಚೇರಿಯಾದ್ದರಿಂದ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961 ಅದಕ್ಕೆ ಅನ್ವಯಿಸುತ್ತದೆ. ಅದರ ಪ್ರಕಾರ ಕೆಲಸ ಮಾಡಿದ ಪ್ರತಿ 20 ದಿನಕ್ಕೆ ಒಂದು ದಿನದಂತೆ ಸಂಬಳಸಹಿತ ರಜೆ ಗಳಿಕೆಯಾಗುತ್ತದೆ. ವರ್ಷದಲ್ಲಿ 280 ದಿನ ದುಡಿದವರಿಗೆ 14 ದಿನ. ಇದಲ್ಲದೆ ಕಾಯಿಲೆ, ಅಪಘಾತ ಅಥವಾ ಬೇರಾವುದೇ ಸಮಂಜಸ ಕಾರಣಕ್ಕಾಗಿ ವರ್ಷಕ್ಕೆ 12 ದಿನ ಮೀರದ ರಜೆಯೂ ಉಂಟು. ‘ಬೇರಾವುದೇ ಸಮಂಜಸ ಕಾರಣ’ ಎಂಬುದನ್ನು ಗಮನಿಸಿ: ಮದುವೆ, ಮುಂಜಿ, ಸಾವು ಎಂದು ಅಲ್ಲಿ ಪಟ್ಟಿ ಮಾಡಿಲ್ಲ. ಆದರೆ ಈ ಕಾನೂನನ್ನು ಮ್ಯಾನೇಜರ್ ಎದುರು ಹಿಡಿದು ನಿಲ್ಲಬೇಡಿ. ರಜೆ ನಿಮ್ಮದು ಎನ್ನುವುದು ಎಷ್ಟು ನಿಜವೋ, ಅದನ್ನು ಯಾವಾಗ ತೆಗೆದುಕೊಳ್ಳಬೇಕು ಎನ್ನುವುದರಲ್ಲಿ ಸಂಸ್ಥೆಯ ಮಾತೂ ನಡೆಯುತ್ತದೆ ಎನ್ನುವುದು ಅಷ್ಟೇ ನಿಜ. ಭಿಕ್ಷೆ ಬೇಡುತ್ತಿಲ್ಲ, ದುಡಿದು ಗಳಿಸಿದ್ದನ್ನು ಕೇಳುತ್ತಿದ್ದೇನೆ ಎಂಬ ಧೈರ್ಯ ನಿಮ್ಮ ಮನಸ್ಸಿನಲ್ಲಿರಲಿ ಎಂದು ಇಷ್ಟು ಬರೆದೆ.

ಇನ್ನು ತಾರೀಖಿನ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಕೆಲಸ ಆಗುವುದೂ ಕೆಡುವುದೂ ಇಲ್ಲಿಯೇ. ತಿಥಿಯನ್ನು ಹಿಡಿದು ನಡೆಯುವ ಆರಾಧನೆ ವರ್ಷದಿಂದ ವರ್ಷಕ್ಕೆ ಸರಿಯುತ್ತಿರುತ್ತದೆ. 2025ರಲ್ಲಿ ಪಂಚಮಿ ಜನವರಿ 18ರ ಶನಿವಾರ ಬಂದಿತ್ತು, 2026ರಲ್ಲಿ ಜನವರಿ 7ರ ಬುಧವಾರ. ಅಧಿಕ ಮಾಸ ಕಳೆದ ಮೇಲೆ ಮತ್ತೆ ತಿಂಗಳ ಕೊನೆಗೆ ಹೋಗುತ್ತದೆ. ಯುಗಾದಿಗೆ ಕೊಂಡ ಪಂಚಾಂಗದಲ್ಲಿಯೇ ಈ ದಿನ ಸಿಗುವುದರಿಂದ ಒಂಬತ್ತು ತಿಂಗಳು ಮೊದಲೇ ನಿಮಗೆ ಗೊತ್ತಿರುತ್ತದೆ. ಅದನ್ನು ನಿಮ್ಮ ಕಚೇರಿಯ ಕ್ಯಾಲೆಂಡರಿನ ಪಕ್ಕದಲ್ಲಿಟ್ಟು ನೋಡಿ. ತಿಂಗಳಿಗೊಮ್ಮೆ ಜಿಎಸ್‌ಟಿ ಸಲ್ಲಿಸುವ ಸಂಸ್ಥೆಯಾದರೆ 11ನೆಯ ತಾರೀಖಿಗೆ ಮಾರಾಟದ ವಿವರ, 20ನೆಯ ತಾರೀಖಿಗೆ ತೆರಿಗೆಯ ರಿಟರ್ನ್ ಹೋಗಲೇಬೇಕು. ಸಂಬಳದ ದಿನ, ಬೆಳೆಗಾರರಿಗೆ ಹಣ ಕೊಡುವ ದಿನ ಬೇರೆ. ಈ ದಿನಗಳು ಪಂಚಮಿಗೆ ಎಷ್ಟು ಹತ್ತಿರ ಬೀಳುತ್ತವೆ ಎಂದು ಮೊದಲು ನೀವೇ ಲೆಕ್ಕ ಹಾಕಿ, ಹೊರಡುವ ಮುನ್ನ ಏನೇನು ಮುಗಿಸಿರುತ್ತೀರಿ, ಉಳಿದದ್ದನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಗೊತ್ತುಮಾಡಿಕೊಂಡ ಮೇಲೆಯೇ ಮ್ಯಾನೇಜರ್ ಬಳಿಗೆ ಹೋಗಿ. ಸುಳ್ಳು ಹೇಳಿ ಹೋಗಿ ಎಂದ ಸಹೋದ್ಯೋಗಿಗೇ ಈ ಮಾತನ್ನು ಕೇಳಬಹುದು: ನಾಲ್ಕು ದಿನ ನನ್ನ ತೂಕದ ಚೀಟಿಗಳನ್ನು ನೀವು ಬರೆದುಕೊಳ್ಳಿ, ನಿಮ್ಮ ಊರಿನ ತೇರಿಗೆ ನೀವು ಹೋದಾಗ ನಿಮ್ಮ ಕೆಲಸವನ್ನು ನಾನು ಮಾಡುತ್ತೇನೆ. ಅವರು ಒಪ್ಪುತ್ತಾರೆಂದೇ ನನ್ನ ನಂಬಿಕೆ. ಸುಳ್ಳನ್ನು ಸೂಚಿಸಿದ್ದು ಕೂಡ ನೀವು ಹೇಗಾದರೂ ಹೋಗಿ ಬರಲಿ ಎಂಬ ಪ್ರೀತಿಯಿಂದಲೇ ಅಲ್ಲವೇ?

ನಾಲ್ಕು ದಿನ ಎಂದದ್ದಕ್ಕೆ ಲೆಕ್ಕವಿದೆ. ಮೊದಲ ದಿನ ಬೆಳಿಗ್ಗೆ ಚಿಕ್ಕಮಗಳೂರಿನಿಂದ ಬಸ್ಸಿನಲ್ಲಿ ಬೆಂಗಳೂರು, ಅಲ್ಲಿಂದ ಸಂಜೆ, ಮೈಸೂರಿನಿಂದ ಬರುವ ರೈಲಿನಲ್ಲಿ ಹೊರಟರೆ ಎರಡನೆಯ ದಿನ ಬೆಳಿಗ್ಗೆ ತಂಜಾವೂರು. ಅಲ್ಲಿಂದ ತಿರುವೈಯಾರು ಹದಿಮೂರು ಕಿಲೋಮೀಟರ್ ಆಸುಪಾಸು. ಆ ಸಂಜೆಯ ಕಚೇರಿಗಳನ್ನು ಕೇಳಿ, ಮೂರನೆಯ ದಿನ ಪಂಚಮಿಯ ಬೆಳಿಗ್ಗೆ ಹಾಡಿ, ಸಂಜೆ ಹೊರಟರೆ ನಾಲ್ಕನೆಯ ದಿನ ಊರು ಸೇರುತ್ತೀರಿ. 2025ರಂತೆ ಪಂಚಮಿ ಶನಿವಾರ ಬಿದ್ದರೆ ಕೊನೆಯ ದಿನ ಭಾನುವಾರವಾಗಿ ಮೂರೇ ರಜೆ ಸಾಕು. ರೈಲಿನ ಟಿಕೆಟ್ ಈಗ 60 ದಿನ ಮೊದಲು ಮಾತ್ರ ಸಿಗುತ್ತದೆ. ಅದಕ್ಕೂ ಮೊದಲೇ ಅರ್ಜಿ ಕೊಟ್ಟಿರಿ. ಟಿಕೆಟ್ ತೆಗೆದಾಗಿದೆ ಎಂದು ಮ್ಯಾನೇಜರ್ ಎದುರು ನಿಂತರೆ ಅದು ಕೇಳಿದಂತಾಗುವುದಿಲ್ಲ, ತಿಳಿಸಿದಂತಾಗುತ್ತದೆ.

ಅರ್ಜಿ ಚಿಕ್ಕದಾಗಿರಲಿ. ನಾನಾದರೆ ಹೀಗೆ ಬರೆಯುತ್ತೇನೆ:

“ಮಾನ್ಯರೇ, ನಾನು ಹನ್ನೊಂದು ವರ್ಷಗಳಿಂದ ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡುತ್ತಿದ್ದೇನೆ. ಪುಷ್ಯ ಬಹುಳ ಪಂಚಮಿಯಂದು ತಿರುವೈಯಾರಿನಲ್ಲಿ ನಡೆಯುವ ಶ್ರೀ ತ್ಯಾಗರಾಜರ ಆರಾಧನೆಯಲ್ಲಿ ಹಾಡಲು ಹೋಗಬೇಕಾಗಿರುವುದರಿಂದ ನನ್ನ ಗಳಿಕೆ ರಜೆಯಲ್ಲಿ ನಾಲ್ಕು ದಿನಗಳನ್ನು ಮಂಜೂರು ಮಾಡಬೇಕೆಂದು ಕೋರುತ್ತೇನೆ. ಆ ತಿಂಗಳ ರಿಟರ್ನ್‌ಗಳಲ್ಲಿ ನಾನು ಹೊರಡುವ ಮೊದಲು ಮುಗಿಸುವವು ಮತ್ತು ಬಂದ ಮೇಲೆ ಮುಗಿಸುವವು ಯಾವುವೆಂದು ಇದರೊಂದಿಗೆ ಬರೆದಿದ್ದೇನೆ. ದಿನದ ಖರೀದಿ ಲೆಕ್ಕವನ್ನು ನೋಡಿಕೊಳ್ಳಲು ನನ್ನ ಸಹೋದ್ಯೋಗಿ ಒಪ್ಪಿದ್ದಾರೆ.”

ಇದನ್ನು ಮ್ಯಾನೇಜರ್ ಕೈಗೇ ಕೊಡಿ. ಅವರನ್ನು ದಾಟಿ ನೇರವಾಗಿ ಸಾಹುಕಾರರ ಹತ್ತಿರ ಹೋದರೆ ರಜೆ ಸಿಗಬಹುದು, ಆದರೆ ಮುಂದಿನ ವರ್ಷ ಅದೇ ಮ್ಯಾನೇಜರ್ ಎದುರು ಮತ್ತೆ ನಿಲ್ಲಬೇಕಾದವರು ನೀವೇ.

ಉದ್ಯೋಗದಲ್ಲಿರುವವರಿಗೆ ಸಂಗೀತವೇಕೆ ಎಂದು ಯಾರಾದರೂ ಕೇಳಿದರೆ ನಮ್ಮ ಪಕ್ಕದ ರುದ್ರಪಟ್ಟಣವನ್ನು ತೋರಿಸಿ. ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ಆ ಸಣ್ಣ ಊರು ಎಷ್ಟು ಸಂಗೀತಗಾರರನ್ನು ಕೊಟ್ಟಿತೆಂಬುದು ನಿಮಗೆ ತಿಳಿದೇ ಇರುತ್ತದೆ. 1920ರಲ್ಲಿ ಹುಟ್ಟಿದ ಆರ್. ಕೆ. ಶ್ರೀಕಂಠನ್ ದೀರ್ಘಕಾಲ ಆಕಾಶವಾಣಿಯ ಉದ್ಯೋಗದಲ್ಲಿದ್ದುಕೊಂಡೇ ಹಾಡಿದವರು. ರುದ್ರಪಟ್ಟಣ ಸಹೋದರರಲ್ಲಿ ಒಬ್ಬರಾದ ತಾರಾನಾಥನ್ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐಯಲ್ಲಿ ವಿಜ್ಞಾನಿಯಾಗಿದ್ದರು. ಇವರು ಸಂಬಳದ ಕೆಲಸವನ್ನೂ ಮಾಡಿದರು, ಸಂಗೀತವನ್ನೂ ಬಿಡಲಿಲ್ಲ. ಆ ಊರಿನ ಪಕ್ಕದಲ್ಲಿ ಹರಿಯುವ ಕಾವೇರಿಯೇ ಮುಂದೆ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಯ ಬಳಿ ಹರಿಯುತ್ತದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ಎಲ್ಲವನ್ನೂ ಮಾಡಿದ ಮೇಲೂ ಈ ವರ್ಷ ಆಗುವುದಿಲ್ಲ ಎಂಬ ಉತ್ತರ ಬರಬಹುದು. ಬಂದರೆ, ಮುಂದಿನ ವರ್ಷಕ್ಕೆ ಈಗಲೇ ಮಾತು ಕೊಡಿ ಎಂದು ಅದೇ ಅರ್ಜಿಯ ಮೇಲೆ ಬರೆಸಿಕೊಳ್ಳಿ. ಅಲ್ಲಿಯವರೆಗೆ ರಾಮನವಮಿಯ ಕಚೇರಿಗಳಿವೆ. ಶ್ರೀರಾಮಸೇವಾ ಮಂಡಳಿ 1939ರಿಂದ ನಡೆಸುತ್ತ ಬಂದಿರುವ ಆ ಉತ್ಸವ ಒಂದು ತಿಂಗಳಷ್ಟು ನಡೆಯುವುದರಿಂದ, ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಭಾನುವಾರ ರಾತ್ರಿ ಮನೆ ಸೇರಬಹುದು, ಒಂದು ದಿನದ ರಜೆಯೂ ಬೇಕಾಗುವುದಿಲ್ಲ. ಆದರೆ ಇದು ತಿರುವೈಯಾರಿಗೆ ಬದಲಿ ಎಂದು ನಾನು ಹೇಳುವುದಿಲ್ಲ. ಕೇಳುವುದು ಬೇರೆ, ಆ ಗುಂಪಿನ ನಡುವೆ ಕುಳಿತು ಹಾಡುವುದು ಬೇರೆ.

ನಾಟ, ಗೌಳ, ಆರಭಿ, ಶ್ರೀ ರಾಗಗಳ ಕೃತಿಗಳನ್ನು ಗುರುಗಳು ಹೇಳಿಕೊಟ್ಟರು, ವರಾಳಿಯದನ್ನು ಮಾತ್ರ ಕೇಳಿ ಕಲಿತೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ವರಾಳಿಯನ್ನು ಗುರುಗಳು ಎದುರು ಕೂರಿಸಿ ಹೇಳಿಕೊಟ್ಟರೆ ಗುರುಶಿಷ್ಯರ ನಡುವೆ ಮನಸ್ತಾಪ ಬರುತ್ತದೆಂಬ ಹಳೆಯ ನಂಬಿಕೆಯನ್ನು ನಿಮ್ಮ ಗುರುಗಳು ಇಂದಿಗೂ ಪಾಲಿಸುತ್ತಿರುವುದನ್ನು ಓದಿ ಸಂತೋಷವಾಯಿತು. ಹಾಗಾಗಿ ಹೊರಡುವ ಮೊದಲಿನ ಎರಡು ತಿಂಗಳು ಆ ವರಾಳಿಯ ಕೃತಿಗೆ ಹೆಚ್ಚು ಹೊತ್ತು ಕೊಡಿ. ನೂರಾರು ಕಂಠಗಳು ಒಟ್ಟಿಗೆ ಹೋಗುವಾಗ ಸಾಹಿತ್ಯ ಮರೆತರೆ ಮತ್ತೆ ಸೇರಿಕೊಳ್ಳುವುದು ಕಷ್ಟ. ಪಂಚಮಿಯ ದಿನ ಬೆಳಿಗ್ಗೆ ಬೇಗನೆ ಹೋಗಿ ಜಾಗ ಹಿಡಿಯಿರಿ. ಹಾಡಿ ಮುಗಿಸಿದ ಮೇಲೆ ಹತ್ತಿರದಲ್ಲಿಯೇ ಇರುವ ಬೆಂಗಳೂರು ನಾಗರತ್ನಮ್ಮನವರ ಸಮಾಧಿಗೂ ಹೋಗಿ ಬನ್ನಿ. ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು ಅವರು. ಹೆಂಗಸರು ಅಲ್ಲಿ ಹಾಡಬಾರದು ಎಂದಿದ್ದ ಕಾಲದಲ್ಲಿ ಹೆಂಗಸರದೇ ಬೇರೆ ಗುಂಪು ಕಟ್ಟಿ ಹಾಡಿಸಿದವರು ಕೂಡ ಅವರೇ. ಇಂದು ನೀವು ಕೂರುವ ಜಾಗ ಅವರು ಬಿಡಿಸಿಕೊಟ್ಟದ್ದು. ಹಿಂದಿರುಗಿದ ಮೇಲೆ ಆ ಬೆಳಗನ್ನು ಕುರಿತು ನಮಗೊಂದು ಪತ್ರ ಬರೆಯಿರಿ. ಮ್ಯಾನೇಜರ್ ಅವರಿಗೂ ತಿರುವೈಯಾರಿನ ಪ್ರಸಾದವನ್ನು ತಂದು ಕೊಡಿ.