ಮಗಳ ರಕ್ತ, ಮೆಣಸಿನಕಾಯಿ ಬೀಜ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಡಮ್ಮಾರಿಗೆ ನಮಸ್ಕಾರ. ನನ್ನ ರಕ್ತದ ಗುಂಪು ಎ ಪಾಸಿಟಿವ್, ನಮ್ಮ ಮನೆಯವರದು ಬಿ ಪಾಸಿಟಿವ್. ಮಗಳಿಗೆ ಆರು ವರ್ಷ. ಸಾಲಿಯ ಕಾರ್ಡಿಗೆ ಬೇಕೆಂದು ಪರೀಕ್ಷೆ ಮಾಡಿಸಿದರೆ ಓ ನೆಗೆಟಿವ್ ಎಂದು ಬಂತು. ಅವತ್ತಿನಿಂದ ಅತ್ತೆಯವರು ನನ್ನ ಕೂಡ ಸರಿಯಾಗಿ ಮಾತಾಡುತ್ತಿಲ್ಲ. "ಇಬ್ಬರೊಳಗ ಯಾರ್ದೂ ಅಲ್ಲದ ರಕ್ತ ಕೂಸಿಗೆ ಎಲ್ಲಿಂದ ಬಂತು?" ಎಂದು ಬಾಜೂ ಮನೆಯವರ ಮುಂದೆಯೇ ಅಂದರು. ಮನೆಯವರು ಏನೂ ಅನ್ನುವುದಿಲ್ಲ, ಸುಮ್ಮನಿದ್ದಾರೆ. ಹೀಗೆ ಆಗಲಿಕ್ಕೆ ಸಾಧ್ಯವೇ?
— ಒಬ್ಬ ತಾಯಿ, ಹಳೇ ಹುಬ್ಬಳ್ಳಿ

ಉತ್ತರ: ಸಾಧ್ಯ, ತಂಗಿ. ಇದರಲ್ಲಿ ಸಂಶಯಪಡುವಂಥದ್ದು ಎಳ್ಳಷ್ಟೂ ಇಲ್ಲ. ಈ ತಿಂಗಳು ಬಂದ ಪತ್ರಗಳಲ್ಲಿ ನಿಮ್ಮದನ್ನೇ ಮೊದಲು ತೆಗೆದುಕೊಂಡಿದ್ದೇನೆ. ಈ ಪುಟವನ್ನು ನಿಮ್ಮ ಮನೆಯವರ ಕೈಗೆ ಕೊಡಿರಿ. ತಮ್ಮ ತಾಯಿಯವರಿಗೆ ಓದಿ ಹೇಳಬೇಕಾದವರು ಅವರೇ.

ನಮ್ಮ ಜೀವಕೋಶದೊಳಗೆ ವಂಶದ ಗುಣಗಳನ್ನು ಹೊತ್ತ 46 ಎಳೆಗಳಿವೆ, ಅವೇ ವರ್ಣತಂತುಗಳು (ಕ್ರೋಮೋಸೋಮು). ಅಂದರೆ 23 ಜೋಡಿ. ಪ್ರತಿ ಜೋಡಿಯಲ್ಲಿ ಒಂದು ಅವ್ವನಿಂದ ಬಂದದ್ದು, ಒಂದು ಅಪ್ಪನಿಂದ. ಅವುಗಳ ಮೇಲೆ ರಾಸಾಯನಿಕ ಅಕ್ಷರಗಳಲ್ಲಿ ಬರೆದಂತಿರುವ ಒಂದೊಂದು ಸೂಚನೆಯೇ ಜೀನು. ಎ, ಬಿ, ಓ ಗುಂಪನ್ನು ತೀರ್ಮಾನಿಸುವ ಜೀನು 9ನೇ ಜೋಡಿಯ ಮೇಲಿದೆ. ಹಾಗಾಗಿ ಪ್ರತಿಯೊಬ್ಬರಲ್ಲೂ ಆ ಜೀನಿನ ಎರಡು ಪ್ರತಿಗಳಿರುತ್ತವೆ. ಎ ಪ್ರತಿ ಒಂದು ಕಿಣ್ವ (ಎನ್‌ಝೈಮ್) ತಯಾರಿಸುತ್ತದೆ. ಆ ಕಿಣ್ವ ಕೆಂಪು ರಕ್ತಕಣದ ಮೈಮೇಲೆ ಒಂದು ಬಗೆಯ ಸಕ್ಕರೆಯ ಅಣುವನ್ನು ಅಂಟಿಸುತ್ತದೆ. ಬಿ ಪ್ರತಿಯ ಕಿಣ್ವ ಅಂಟಿಸುವುದು ಬೇರೆ ಬಗೆಯ ಸಕ್ಕರೆ. ಓ ಎಂದರೆ ಮೂರನೆಯ ಜಾತಿಯ ರಕ್ತವೇನಲ್ಲ. ಸಾಮಾನ್ಯವಾಗಿ ಕಾಣುವ ಓ ಜೀನಿನಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿದೆ. ಅಲ್ಲಿಂದ ಮುಂದಿನ ಓದೆಲ್ಲ ತಪ್ಪಿ, ಹುಟ್ಟುವ ಕಿಣ್ವ ಕೆಲಸಕ್ಕೆ ಬಾರದು. ಏನೂ ಅಂಟಿಸದೆ ಬಿಟ್ಟ ಕಣವೇ ಓ.

ಈಗ ನೋಡಿರಿ. ಒಂದು ಪ್ರತಿ ಎ, ಇನ್ನೊಂದು ಓ ಇರುವವರ ರಕ್ತ ಪರೀಕ್ಷೆಯಲ್ಲಿ ಎ ಎಂದೇ ಬರುತ್ತದೆ. ಏಕೆಂದರೆ ಸಕ್ಕರೆ ಅಂಟಿಸಲು ಒಂದು ಒಳ್ಳೆಯ ಪ್ರತಿ ಸಾಕು. ನೀವು ಹಾಗೆ ಎ-ಓ, ಮನೆಯವರು ಬಿ-ಓ. ಮಗಳಿಗೆ ನಿಮ್ಮಿಂದ ಓ ಬಂತು, ಅವರಿಂದಲೂ ಓ ಬಂತು. ನೆಗೆಟಿವ್ ಕೂಡ ಇದೇ ಥರ. ರಕ್ತಕಣದ ಮೇಲೆ ಡಿ ಎಂಬ ಪ್ರೋಟೀನ್ ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. 'ಇಲ್ಲ' ಎನ್ನುವ ಪ್ರತಿ ಇಬ್ಬರಲ್ಲೂ ಒಂದೊಂದು ಅಡಗಿತ್ತು. ನಿಮ್ಮಂಥ ದಂಪತಿಗೆ ಪ್ರತಿ ಹೆರಿಗೆಯಲ್ಲೂ ಓ ಮಗು ಹುಟ್ಟುವ ಸಂಭವ ನಾಲ್ಕರಲ್ಲಿ ಒಂದು, ನೆಗೆಟಿವ್ ಹುಟ್ಟುವುದು ನಾಲ್ಕರಲ್ಲಿ ಒಂದು, ಎರಡೂ ಕೂಡಿ ಬರುವುದು ಹದಿನಾರರಲ್ಲಿ ಒಂದು. ಅಂಥ ಮಕ್ಕಳು ನಮ್ಮ ಊರುಗಳಲ್ಲಿ ಬೇಕಾದಷ್ಟು ಇದ್ದಾರೆ.

ಅತ್ತೆಯವರಿಗೆ ಇನ್ನೊಂದು ಮಾತು ತಿಳಿಯಬೇಕು. ನಿಮ್ಮ ಮನೆಯವರಲ್ಲಿ ಅಡಗಿರುವ ಆ ಓ ಅವರಿಗೆ ಬಂದದ್ದು ಒಂದೋ ಅತ್ತೆಯವರಿಂದ, ಇಲ್ಲವೇ ಮಾವನವರಿಂದ. 'ಯಾರದೂ ಅಲ್ಲದ ರಕ್ತ' ಎಂದು ಅವರು ಅಂದದ್ದರಲ್ಲಿ ಅರ್ಧ ಅವರ ಮನೆತನದ್ದೇ.

ಇದರ ಮೇಲೆ ಇಷ್ಟು ಒತ್ತಿ ಬರೆಯುವುದಕ್ಕೆ ಕಾರಣವಿದೆ. ನಾನು ಧಾರವಾಡದಲ್ಲಿ ಪಿಯುಸಿ ಮಕ್ಕಳಿಗೆ ಪಾಠ ಮಾಡುತ್ತಿದ್ದಾಗ ರಕ್ತದ ಗುಂಪು ಕಂಡುಹಿಡಿಯುವ ಪ್ರಯೋಗ ಮಾಡಿಸುತ್ತಿದ್ದೆವು. ಬೆರಳು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ಎರಡು ಹನಿ ರಕ್ತ. ಒಂದಕ್ಕೆ ನೀಲಿ ಬಣ್ಣದ ದ್ರಾವಣ, ಇನ್ನೊಂದಕ್ಕೆ ಹಳದಿ. ರಕ್ತ ಹಾಲು ಒಡೆದಂತೆ ಗಂಟು ಗಂಟಾದರೆ ಆ ಗುಂಪು. ಒಂದು ವರ್ಷ ಒಬ್ಬ ಹುಡುಗಿಯ ಎರಡೂ ಹನಿ ಹಾಗೇ ಉಳಿದವು. "ಓ" ಎಂದು ಬರೆದುಕೋ ಎಂದೆ. ಆಕೆ ಬರೆಯಲಿಲ್ಲ. ಅಪ್ಪ ಎ, ಅವ್ವ ಬಿ ಎಂದು ಆಕೆಗೆ ಗೊತ್ತಿತ್ತು. ನಾಲ್ಕು ದಿನ ಕ್ಲಾಸಿಗೇ ಬರಲಿಲ್ಲ. ಐದನೆಯ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಮೇಡಂ, ನನ್ನ ದತ್ತಕ ತಗೊಂಡಾರೇನ್ರಿ?" ಎಂದು ಕೇಳಿದಳು. ನಾಲ್ಕು ದಿನ ಆ ಕೂಸು ಅದನ್ನು ಒಳಗೇ ಇಟ್ಟುಕೊಂಡು ಕೂತಿತ್ತು. ತಪ್ಪು ನನ್ನದು, ಮೊದಲು ವಿವರಿಸಬೇಕಿತ್ತು. ಆಮೇಲಿನ ವರ್ಷಗಳಲ್ಲಿ ಯಾವ ತಂದೆತಾಯಿಗೆ ಯಾವ ಗುಂಪಿನ ಮಕ್ಕಳು ಹುಟ್ಟಬಹುದು ಎಂಬ ಪಟ್ಟಿಯನ್ನು ಫಳಿಯ ಮೇಲೆ ಬರೆದ ನಂತರವೇ ಬಾಟಲಿಯ ಮುಚ್ಚಳ ತೆಗೆಯುತ್ತಿದ್ದೆ.

ತಂದೆತಾಯಿಯಲ್ಲಿ ಒಬ್ಬರದು ಎಬಿ ಗುಂಪಿದ್ದರೆ ಮಗು ಸಾಮಾನ್ಯವಾಗಿ ಓ ಆಗುವುದಿಲ್ಲ. ಹಾಗೆ ಬಂದರೂ ಮೊದಲು ಅನುಮಾನಿಸಬೇಕಾದದ್ದು ರಿಪೋರ್ಟನ್ನು. ಬೇರೆ ಲ್ಯಾಬಿನಲ್ಲಿ ಮತ್ತೊಮ್ಮೆ ಮಾಡಿಸಬೇಕು. ರಿಪೋರ್ಟು ಸರಿಯಿದ್ದರೂ ಹೀಗಾಗಲು ಬಾಂಬೆ ಗುಂಪು ಎಂಬುದೊಂದು ಕಾರಣವಿರಬಹುದು. 1952ರಲ್ಲಿ ಮುಂಬೈಯಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಅವರ ಸಂಗಡಿಗರು ಗುರುತಿಸಿದ್ದು. ಎ ಅಥವಾ ಬಿ ಜೀನು ಸರಿಯಾಗಿಯೇ ಇದ್ದರೂ ಸಕ್ಕರೆ ಅಂಟಲು ಬೇಕಾದ ತಳಪಾಯವೇ ಈ ಗುಂಪಿನವರ ಕಣಗಳ ಮೇಲೆ ಇರುವುದಿಲ್ಲ. ಮೇಲುಮೇಲಿನ ಪರೀಕ್ಷೆಯಲ್ಲಿ ಅವರದೂ ಓ ಎಂದೇ ಬರುತ್ತದೆ.

ನಿಮ್ಮ ಮಗಳ ಗುಂಪನ್ನು ಮನೆಯಲ್ಲಿ ಬರೆದು ಜೋಪಾನವಾಗಿ ಇಡಿರಿ. ಮುಂದೆ ಆಕೆ ಬಸಿರಾದಾಗ ಕೂಸು ಪಾಸಿಟಿವ್ ಇದ್ದರೆ, ಹೆರಿಗೆಯಾದ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಕೊಡಿಸಬೇಕು. ಬಸಿರಿನಲ್ಲೇ ಒಮ್ಮೆ ಕೊಡುವುದೂ ಉಂಟು. ಇಲ್ಲದಿದ್ದರೆ ತಾಯಿಯ ಮೈಯಲ್ಲಿ ಹುಟ್ಟುವ ಪ್ರತಿಕಾಯಗಳು ಮುಂದಿನ ಕೂಸಿನ ರಕ್ತಕಣಗಳನ್ನು ಒಡೆಯಬಹುದು. ಆ ಮನೆಯಲ್ಲಿ ಈ ರಿಪೋರ್ಟಿನ ಬಗ್ಗೆ ಚಿಂತೆ ಮಾಡಬೇಕಾದ್ದು ಇದೊಂದೇ.

ಪ್ರಶ್ನೆ: ಹೋದ ವರ್ಷ ಹೈಬ್ರಿಡ್ ಮೆಣಸಿನಕಾಯಿ ಹಾಕಿದ್ದೆ, ಛಲೋ ಬಂದಿತ್ತು. ಬೀಜದ ರೊಕ್ಕ ಉಳಿಯಲಿ ಎಂದು ಅದರ ಹಣ್ಣಿನ ಬೀಜವನ್ನೇ ತೆಗೆದಿಟ್ಟು ಈ ವರ್ಷ ಅಗಿ ಮಾಡಿ ಹಚ್ಚಿದೆ. ಒಂದು ಗಿಡ ಎತ್ತರ, ಒಂದು ಗಿಡ್ಡ. ಒಂದರ ಕಾಯಿ ಉದ್ದ, ಒಂದರದು ಮೋಟು. ಬೀಜ ಕೆಟ್ಟಿತೋ, ನೆಲ ಕೆಟ್ಟಿತೋ?
— ರೈತರು, ಬ್ಯಾಡಗಿ ತಾಲೂಕು

ಉತ್ತರ: ಎರಡೂ ಕೆಟ್ಟಿಲ್ಲ. ಮೇಲಿನ ತಾಯಿಗೆ ಬರೆದ ಉತ್ತರವನ್ನು ನೀವೂ ಓದಿರಿ, ಯಜಮಾನರೇ. ನಿಮ್ಮ ಹೊಲದಲ್ಲಿ ಆದದ್ದೂ ಅದೇ.

ರಾಣೇಬೆನ್ನೂರು ಕಡೆ ಬೀಜೋತ್ಪಾದನೆಯ ಪ್ಲಾಟುಗಳಲ್ಲಿ ಹೆಣ್ಣುಮಕ್ಕಳು ಕ್ರಾಸಿಂಗ್ ಕೆಲಸಕ್ಕೆ ಹೋಗುವುದನ್ನು ನೋಡಿರುತ್ತೀರಿ. ಅರಳಲಿರುವ ಮೊಗ್ಗನ್ನು ಚಿಮಟದಿಂದ ಬಿಡಿಸಿ, ಗಂಡು ಕೇಸರಗಳನ್ನು ಕಿತ್ತು, ಇನ್ನೊಂದು ತಳಿಯ ಪರಾಗವನ್ನು ಮುಟ್ಟಿಸುತ್ತಾರೆ. ಎಷ್ಟು ನಾಜೂಕಿನ ಕೆಲಸ! ಒಂದೊಂದು ಹೂವಿಗೂ ಒಂದು ಕೈ ಬೇಕು. ತಾಯಿ ತಳಿಯೂ ಶುದ್ಧ, ತಂದೆ ತಳಿಯೂ ಶುದ್ಧ. ಹಾಗಾಗಿ ಪಾಕೀಟಿನ ಪ್ರತಿ ಬೀಜದಲ್ಲೂ ಒಂದು ಪ್ರತಿ ತಾಯಿಯದು, ಒಂದು ಪ್ರತಿ ತಂದೆಯದು. ಎಲ್ಲ ಗಿಡವೂ ಒಂದೇ ಅಚ್ಚು. ಆದರೆ ಆ ಗಿಡಗಳು ತಾವೇ ಬೀಜ ಕಟ್ಟುವಾಗ ಜೋಡಿಗಳು ಬಿಡಿಬಿಡಿಯಾಗಿ, ಇಸ್ಪೀಟು ಕಲಸಿ ಹಂಚಿದಂತೆ ಹೊಸದಾಗಿ ಕೂಡುತ್ತವೆ. ಅಡಗಿದ್ದ ಗುಣಗಳು ಆಗ ಹೊರಬೀಳುತ್ತವೆ.

ಈಗಿನ ಝೆಕ್ ದೇಶದ ಬರ್ನೋ ಊರಿನ ಮಠದಲ್ಲಿ ಗ್ರೆಗರ್ ಮೆಂಡೆಲ್ ಎಂಬ ಸನ್ಯಾಸಿ ಬಟಾಣಿ ಬೆಳೆದು ಇದನ್ನೇ ಎಣಿಸಿದ. ದುಂಡು ಬೀಜದ ತಳಿಗೂ ಸುಕ್ಕು ಬೀಜದ ತಳಿಗೂ ಕ್ರಾಸ್ ಮಾಡಿದಾಗ ಮೊದಲ ಪೀಳಿಗೆ ಪೂರ್ತಿ ದುಂಡು. ಅವನ್ನು ಬಿತ್ತಿ ಬಂದ 7,324 ಬೀಜಗಳಲ್ಲಿ 5,474 ದುಂಡು, 1,850 ಸುಕ್ಕು. ಹೆಚ್ಚುಕಡಿಮೆ ಮೂರಕ್ಕೆ ಒಂದು. 1866ರಲ್ಲಿ ಅಚ್ಚಾದ ಈ ಲೆಕ್ಕ 1900ರವರೆಗೆ ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. ಅದು ಒಂದೇ ಜೋಡಿಯ ಕಥೆ. ಹತ್ತು ಜೋಡಿ ಜೀನುಗಳು ಹೀಗೆ ಕಲಸಿದರೆ 59,049 ಬಗೆಯ ಕೂಡಿಕೆ ಸಾಧ್ಯ. ನಿಮ್ಮ ಹೊಲದಲ್ಲಿ ಒಂದು ಗಿಡದಂತೆ ಇನ್ನೊಂದು ಇಲ್ಲದಿರುವುದು ಅದಕ್ಕೇ.

ಹೈಬ್ರಿಡ್ ಬೀಜ ಮಾರುವ ಅಂಗಡಿಯವರು "ಇದರ ಬೀಜ ಹಿಡಿಯಬೇಡಿರಿ" ಎಂದು ಒಂದು ಮಾತು ಹೇಳಿಯೇ ಪಾಕೀಟು ಕೊಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ರೈತನ ಒಂದು ವರ್ಷ ಹೋದರೆ ತಿರುಗಿ ಬರುವುದಿಲ್ಲ.

ಬೀಜ ಹಿಡಿದು ಬಿತ್ತುವುದಿದ್ದರೆ ನಿಮ್ಮ ಊರಿನ ಬ್ಯಾಡಗಿ ಡಬ್ಬಿ, ಬ್ಯಾಡಗಿ ಕಡ್ಡಿ ಮೆಣಸಿನಕಾಯಿ ಇವೆಯಲ್ಲ! ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅವು ತಳಿಗಳು, ಹೈಬ್ರಿಡ್ ಅಲ್ಲ. ಆದರೆ ಎಚ್ಚರ: ಮೆಣಸಿನ ಹೂವಿಗೆ ಜೇನುಹುಳು ಬರುತ್ತವೆ, ಬಾಜೂ ಹೊಲದ ಹೈಬ್ರಿಡ್ಡಿನ ಪರಾಗವನ್ನೂ ತರುತ್ತವೆ. ಪ್ರಮಾಣಿತ ಬೀಜ ಬೆಳೆಯುವವರು ಬೇರೆ ಮೆಣಸಿನ ಹೊಲದಿಂದ 200 ಮೀಟರ್ ದೂರ ಬಿಡುತ್ತಾರೆ. ಅಷ್ಟು ಆಗದಿದ್ದರೆ ಬದುವಿನ ಸಾಲು ಬಿಟ್ಟು ಹೊಲದ ನಡುವಿನ, ರೋಗವಿಲ್ಲದ ಗಿಡಗಳನ್ನು ಆರಿಸಿ ಈಗಲೇ ಚಿಂದಿ ಕಟ್ಟಿ ಗುರುತು ಮಾಡಿಡಿರಿ.

ಹತ್ತಿಯಲ್ಲೂ ಹೀಗೆಯೇ ಎಂದು ಕೆಲವರು ಕೇಳುತ್ತಾರೆ. ಹೌದು. ಧಾರವಾಡದಲ್ಲಿ ಡಾ. ಬಿ. ಎಚ್. ಕಟರ್ಕಿಯವರು 1972ರಲ್ಲಿ ತಂದ ವರಲಕ್ಷ್ಮಿ ಎರಡು ಬೇರೆ ಬೇರೆ ಜಾತಿಯ ಹತ್ತಿಗಳ ಹೈಬ್ರಿಡ್. ಎರಡಕ್ಕೂ 52 ವರ್ಣತಂತು ಇದ್ದದ್ದರಿಂದ ಜೋಡಿ ಕೂಡಿತು. ನಮ್ಮ ಜವಾರಿ ಹತ್ತಿ ಜಯಧರಕ್ಕೆ ಇರುವುದು 26. ಅದನ್ನು 52ರ ಹತ್ತಿಗೆ ಕೂಡಿಸಿದರೆ ಗಿಡಕ್ಕೆ 39 ಬರುತ್ತದೆ, ಜೋಡಿ ಸರಿಹೋಗದೆ ಬೀಜ ಕಟ್ಟುವುದಿಲ್ಲ.

ಪ್ರಶ್ನೆ: ಚಳಿಗಾಲದಲ್ಲಿ ಧಾರವಾಡದಲ್ಲಿ ಮೊಸರು ಹೆಪ್ಪಾಗುವುದೇ ಇಲ್ಲ. ಹೆಪ್ಪು ಜಾಸ್ತಿ ಹಾಕಬೇಕೇ?
— ಗೃಹಿಣಿ, ಸಪ್ತಾಪುರ

ಉತ್ತರ: ಹೆಪ್ಪಿಗಿಂತ ಬಿಸಿ ಮುಖ್ಯ. ಮೊಸರಿನ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ತಿಂದು ಹುಳಿ ಆಮ್ಲ ಮಾಡುತ್ತವೆ, ಆ ಹುಳಿಗೆ ಹಾಲಿನ ಪ್ರೋಟೀನ್ ಗಟ್ಟಿಯಾಗುತ್ತದೆ. ಹಾಲು ಬೆರಳಿಗೆ ಸುಖವಾಗುವಷ್ಟು ಬಿಸಿ, ಅಂದರೆ 40 ಡಿಗ್ರಿಯ ಆಸುಪಾಸು ಇದ್ದಾಗ ಅವು ಬೇಗ ಹೆಚ್ಚುತ್ತವೆ. ತಣ್ಣಗಾದರೆ ನಿಧಾನ, ಕುದಿಯುವಾಗ ಹಾಕಿದರೆ ಸಾಯುತ್ತವೆ. ಪಾತ್ರೆಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಜೋಳದ ಹಿಟ್ಟಿನ ಡಬ್ಬಿಯೊಳಗೆ ಇಡಿರಿ. ನಮ್ಮವ್ವ ಹಾಗೇ ಇಡುತ್ತಿದ್ದಳು.

ಪ್ರಶ್ನೆ: ಮಾಗಡಿ ಕೆರೆಗೆ ಬರುವ ಬಾತುಗಳು ಹಿಮಾಲಯ ದಾಟಿ ಬರುತ್ತವೆ ಎಂದು ಸರ್ ಹೇಳಿದರು. ಅಷ್ಟು ಎತ್ತರ ಹಾರಬೇಕು ಅಂತ ಪ್ರಯತ್ನ ಮಾಡಿ ಮಾಡಿ ಅವುಗಳ ರಕ್ತ ಬದಲಾಯಿತೇ?
— ಒಂಬತ್ತನೇ ತರಗತಿ ವಿದ್ಯಾರ್ಥಿ, ಗದಗ

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದೆ, ಮಗಾ. ರಕ್ತ ಬೇರೆಯಾಗಿರುವುದು ನಿಜ. ಆದರೆ ಪ್ರಯತ್ನದಿಂದ ಆದದ್ದಲ್ಲ.

ಪಟ್ಟೆ ತಲೆಯ ಆ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ ಚಳಿಗಾಲಕ್ಕೆ ಇತ್ತ ಬರುತ್ತವೆ. ಉಪಗ್ರಹಕ್ಕೆ ಸಂಕೇತ ಕಳಿಸುವ ಉಪಕರಣ ಕಟ್ಟಿ ನೋಡಿದಾಗ ಒಂದು ಹಕ್ಕಿ 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದ ಅರ್ಧಕ್ಕಿಂತ ಕಡಿಮೆ. ರಕ್ತದಲ್ಲಿ ಆಮ್ಲಜನಕ ಹೊರುವ ಪ್ರೋಟೀನ್ ಹಿಮೋಗ್ಲೋಬಿನ್. ಅದರ ಆಲ್ಫಾ ಎಂಬ ಸರಪಳಿಯಲ್ಲಿ 141 ಮಣಿಗಳಿವೆ ಎಂದುಕೋ, ಒಂದೊಂದು ಮಣಿಯೂ ಒಂದು ಅಮೈನೋ ಆಮ್ಲ. ಹತ್ತಿರದ ಸಂಬಂಧಿ ಬೂದು ಹೆಬ್ಬಾತಿನಲ್ಲಿ 119ನೇ ಮಣಿ ಪ್ರೋಲಿನ್. ಈ ಹಕ್ಕಿಯಲ್ಲಿ ಅಲನಿನ್. ಆ ಬದಲಾವಣೆಯಿಂದ ಅದರ ರಕ್ತ ತೆಳುವಾದ ಗಾಳಿಯಲ್ಲೂ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿಯುತ್ತದೆ.

ಮೊದಲು ಬಂದದ್ದು ಅಕ್ಷರದ ತಪ್ಪು. ಬಹಳ ಹಿಂದೆ ಯಾವುದೋ ಒಂದು ಹಕ್ಕಿಯಲ್ಲಿ ಜೀನಿನ ನಕಲು ತೆಗೆಯುವಾಗ ಅದು ಆಯಿತು, ಯಾವ ಉದ್ದೇಶವೂ ಇಲ್ಲದೆ. ಅದು ಇದ್ದ ಹಕ್ಕಿಗಳು ಎತ್ತರದಲ್ಲಿ ಹೆಚ್ಚು ಬದುಕಿ ಹೆಚ್ಚು ಮರಿ ಮಾಡಿದವು, ಮರಿಗಳಿಗೂ ಅದು ಹೋಯಿತು. ಎಷ್ಟೋ ತಲೆಮಾರು ಕಳೆಯುವ ಹೊತ್ತಿಗೆ ಎಲ್ಲದರಲ್ಲೂ ಅದೇ ಉಳಿಯಿತು. ಓ ಗುಂಪಿನಲ್ಲೂ ಒಂದು ಅಕ್ಷರ ತಪ್ಪಿದ್ದೇ, ಇಲ್ಲೂ ಅಂಥದ್ದೇ. ಶಾಲೆಯಲ್ಲಿ ಡಾರ್ವಿನ್ನನ ಪಾಠ ಬಂದಾಗ ಜಿರಾಫೆಯ ಕುತ್ತಿಗೆಯ ಬದಲು ಈ ಹಕ್ಕಿಯನ್ನು ನೆನೆಸಿಕೋ, ಇದು ನಿಮ್ಮ ಜಿಲ್ಲೆಯದು.

ಮಾಗಡಿ ಕೆರೆ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಗೆ, ಸೇರಿದೆ. ಡಿಸೆಂಬರ್ ಇಲ್ಲವೇ ಜನವರಿಯಲ್ಲಿ ನಸುಕಿನಲ್ಲಿ ಹೋಗು, ದಂಡೆಯ ಮೇಲೆ ದೂರವೇ ಕೂತು ನೋಡು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟಿ ಕಂಡರೆ ಅವೇ.