ಓದುಗರ ಪ್ರಶ್ನೆ: ಗಂಟೆ ನಿಲ್ಲಿಸುವವರು ಯಾರು?

ಪ್ರಶ್ನೆ: ನಮ್ಮ ಅಡಿಕೆ ಖರೀದಿ ಅಂಗಡಿಯ ತೂಕದ ಯಂತ್ರ ಹಳೆಯ ಪಿಸಿಐ ಸೀರಿಯಲ್ ಕಾರ್ಡಿಗೆ ಜೋಡಿಸಿದ್ದು. ತೂಕದ ಸಾಫ್ಟ್‌ವೇರ್ ಹಳೆ ವಿಂಡೋಸಿನಲ್ಲಿ ಮಾತ್ರ ಓಡುತ್ತದೆ. ಲಿನಕ್ಸ್ ಮೇಲೆ ವರ್ಚುವಲ್ ಮೆಷಿನ್ ಮಾಡಿ, ವಿಎಫ್‌ಐಒ ಎಂಬ ಲಿನಕ್ಸ್ ಸೌಲಭ್ಯದ ಮೂಲಕ ಕಾರ್ಡನ್ನು ನೇರವಾಗಿ ಅದಕ್ಕೆ ಕೊಟ್ಟೆ. ವಿಂಡೋಸ್ ಏಳುತ್ತದೆ. ಮೊದಲ ಮೂಟೆ ಇಟ್ಟ ಕೂಡಲೇ ಲಿನಕ್ಸಿನಲ್ಲಿ ‘ಐಆರ್‌ಕ್ಯೂ 18: ನೋಬಡಿ ಕೇರ್ಡ್’ ಎಂದು ಬರುತ್ತದೆ. ತೂಕ ಬರುವುದಿಲ್ಲ, ಯುಎಸ್‌ಬಿ ಕೀಬೋರ್ಡೂ ತಡವರಿಸುತ್ತದೆ. ಕಾರ್ಡು ಕೆಟ್ಟಿತೇ?
– ಓದುಗರು, ಬದಿಯಡ್ಕ

ಉತ್ತರ: ಕೆಟ್ಟಿರಲಾರದು. ತೋಟದ ಟ್ಯಾಂಕಿಗೆ ನೀರು ತುಂಬಿದಾಗ ಹೊಡೆಯುವ ಗಂಟೆ ಕಟ್ಟಿದ್ದೀರಿ ಎನ್ನಿ. ನೀರು ಇಳಿಯುವ ತನಕ ಅದು ನಿಲ್ಲದು. ಹಳೆ ಪಿಸಿಐಯ ಇಂಟರಪ್ಟ್, ಅಂದರೆ ಕಾರ್ಡು ‘ನನ್ನನ್ನು ನೋಡಿ’ ಎಂದು ಕಂಪ್ಯೂಟರನ್ನು ಕರೆಯುವ ಸಂಕೇತ, ಹೀಗೆಯೇ. ಅದು ಬರುವ ತಂತಿಯೇ ಲೈನು, ಐಆರ್‌ಕ್ಯೂ 18 ಎಂಬುದು ಅದರ ನಂಬರು. ಕಾರ್ಡಿನಲ್ಲಿ ಬಂದು ಕೂತ ಅಕ್ಷರಗಳನ್ನು ಡ್ರೈವರ್ ಓದಿ ಮುಗಿಸುವವರೆಗೆ ಕಾರ್ಡು ಲೈನನ್ನು ಎಳೆದೇ ಹಿಡಿದಿರುತ್ತದೆ. ತೊಡಕೆಂದರೆ, ಗಂಟೆ ಕೇಳಿಸುವುದು ಹೋಸ್ಟಿಗೆ (ನಿಮ್ಮ ಲಿನಕ್ಸ್), ನಿಲ್ಲಿಸಲು ಬಲ್ಲ ಡ್ರೈವರ್ ಇರುವುದು ಗೆಸ್ಟಿನೊಳಗೆ (ಅದರ ಮೇಲೆ ಓಡುವ ವಿಂಡೋಸ್). ಆದ್ದರಿಂದ ವಿಎಫ್‌ಐಒ ಮೊದಲು ಇಂಟರಪ್ಟನ್ನು ಮಾಸ್ಕ್ ಮಾಡಿ (ತಾತ್ಕಾಲಿಕವಾಗಿ ತಡೆದು), ಆಮೇಲೆ ಗೆಸ್ಟಿಗೆ ಸುದ್ದಿ ಮುಟ್ಟಿಸುತ್ತದೆ. ಗೆಸ್ಟ್ ತನ್ನ ಕೆಲಸ ಮುಗಿಸಿ ಇಒಐ (‘ಇಂಟರಪ್ಟ್ ಮುಗಿಯಿತು’ ಎಂಬ ಸೂಚನೆ) ಬರೆದಾಗ, ಗೆಸ್ಟನ್ನು ಓಡಿಸುವ ಲಿನಕ್ಸಿನ ಭಾಗವಾದ ಕೆವಿಎಂ ಅದನ್ನು ಹಿಡಿದು ವಿಎಫ್‌ಐಒಗೆ ತಿಳಿಸುತ್ತದೆ, ಮಾಸ್ಕ್ ತೆಗೆಯುವುದು ಆಗ. ಲೈನು ಆಗಲೂ ಇಳಿದಿರದಿದ್ದರೆ ಮತ್ತೆ ಮಾಸ್ಕ್, ಮತ್ತೆ ಸುದ್ದಿ.

ಮಾಸ್ಕ್ ಮಾಡಲು ದಾರಿ ಎರಡು: ಕಾರ್ಡಿನಲ್ಲೇ, ಇಲ್ಲವೇ ಹೋಸ್ಟಿನ ಇಂಟರಪ್ಟ್ ಕಂಟ್ರೋಲರಿನಲ್ಲಿ. 2002ರ ಪಿಸಿಐ 2.3ರಿಂದೀಚಿನ ಕಾರ್ಡುಗಳಲ್ಲಿ ಕಮಾಂಡ್ ರಿಜಿಸ್ಟರಿನ (ಕಾರ್ಡಿಗೆ ಆಜ್ಞೆ ಬರೆಯುವ ಜಾಗ) 10ನೇ ಬಿಟ್ ಹಾಕಿದರೆ ಕಾರ್ಡು ತಾನೇ ಸುಮ್ಮನಾಗುತ್ತದೆ. ಗಂಟೆ ಹೊಡೆದದ್ದು ಇದೇ ಕಾರ್ಡೋ ಎಂದು ಹೇಳುವುದು ಸ್ಟೇಟಸ್ ರಿಜಿಸ್ಟರಿನ 3ನೇ ಬಿಟ್. ಕೆಲವು ಕಾರ್ಡುಗಳಲ್ಲಿ 10ನೇ ಬಿಟ್ ಸರಿ, 3ನೆಯದು ಸುಳ್ಳು. ಲಿನಕ್ಸಿನ ತಿರುಳಾದ ಕರ್ನಲ್ ಪರೀಕ್ಷಿಸುವುದು 10ನೇ ಬಿಟ್ ಬದಲಾಗುತ್ತದೆಯೇ ಎಂದಷ್ಟೇ, ಹಾಗಾಗಿ ಇಂಥ ಕಾರ್ಡು ಪಾಸಾಗಿಬಿಡುತ್ತದೆ. ನಿಮ್ಮಲ್ಲಿ ಆದದ್ದೂ ಇದೇ ಇರಬೇಕು. ವಿಎಫ್‌ಐಒ 3ನೇ ಬಿಟ್ ನೋಡಿ ‘ನನ್ನದಲ್ಲ’ ಎನ್ನುತ್ತದೆ, ಅದೇ ಲೈನಿನಲ್ಲಿರುವ ಯುಎಸ್‌ಬಿ ಕಂಟ್ರೋಲರೂ ‘ನನ್ನದಲ್ಲ’ ಎನ್ನುತ್ತದೆ. 1,00,000 ಇಂಟರಪ್ಟಿನಲ್ಲಿ 99,900ಕ್ಕಿಂತ ಹೆಚ್ಚು ಅನಾಥವಾದರೆ ಕರ್ನಲ್ ಆ ಲೈನನ್ನೇ ಮುಚ್ಚುತ್ತದೆ. ಕೀಬೋರ್ಡು ತಡವರಿಸುವುದು ಅದರಿಂದ. ಆ ಸಂದೇಶದಲ್ಲಿ ‘ಐಆರ್‌ಕ್ಯೂಪೋಲ್’ ಹಾಕಿ ನೋಡಿ ಎಂಬ ಸಲಹೆಯೂ ಇರುತ್ತದೆ, ಅದರ ಗೊಡವೆ ಬೇಡ.

ಖಚಿತಪಡಿಸಿಕೊಳ್ಳಲು, ಕೈಕೊಟ್ಟ ಸ್ಥಿತಿಯಲ್ಲೇ, ಗೆಸ್ಟನ್ನು ನಿಲ್ಲಿಸದೆ, ರೂಟ್ ಆಗಿ ‘ಎಲ್‌ಎಸ್‌ಪಿಸಿಐ -ವಿವಿ’ ಓಡಿಸಿ. ಕಾರ್ಡಿನ ‘ಸ್ಟೇಟಸ್’ ಸಾಲಿನ ಕೊನೆಯಲ್ಲಿ ‘ಐಎನ್‌ಟಿಎಕ್ಸ್’ ಮುಂದೆ ಪ್ಲಸ್ ಇರಬೇಕಿತ್ತು. ಮೈನಸ್ ಇದ್ದರೆ ಕಳ್ಳ ಸಿಕ್ಕಿದ ಹಾಗೆ.

ಆಗ ವಿಎಫ್‌ಐಒ-ಪಿಸಿಐ ಮಾಡ್ಯೂಲಿಗೆ ‘ನೋಐಎನ್‌ಟಿಎಕ್ಸ್‌ಮಾಸ್ಕ್=1’ ಕೊಟ್ಟು, ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ಮೊದಲು ಏರುವ ಕಡತ) ಹೊಸದು ಮಾಡಿ ರೀಬೂಟ್ ಮಾಡಿ. ಇನ್ನು ಮಾಸ್ಕ್ ಆಗುವುದು ಕಾರ್ಡಿನಲ್ಲಲ್ಲ, ಹೋಸ್ಟಿನ ಇಂಟರಪ್ಟ್ ಕಂಟ್ರೋಲರಿನಲ್ಲಿ. ಅದಕ್ಕೆ ಇಡೀ ಲೈನು ಕಾರ್ಡೊಂದಕ್ಕೇ ಬೇಕು. ಯುಎಸ್‌ಬಿ ಜತೆಗೂಡಿದ್ದರೆ ‘ಡಿವೈಸ್ ಆರ್ ರಿಸೋರ್ಸ್ ಬ್ಯುಸಿ’ ಎಂದು ಗೆಸ್ಟ್ ಏಳುವುದೇ ಇಲ್ಲ. ಕಾರ್ಡನ್ನು ಪಕ್ಕದ ಸ್ಲಾಟಿಗೆ ಹಾಕಿ. ಒಂದೊಂದು ಸ್ಲಾಟಿಗೆ ಲೈನುಗಳ ಜೋಡಣೆ ಸರಿದಿರುವುದರಿಂದ ಸಾಮಾನ್ಯವಾಗಿ ನಂಬರು ಬದಲಾಗುತ್ತದೆ. ಬೇರೆ ಸ್ಲಾಟಿಲ್ಲದಿದ್ದರೆ ಕೀಬೋರ್ಡನ್ನು ಇನ್ನೊಂದು ಕಂಟ್ರೋಲರಿನ ಪೋರ್ಟಿಗೆ ಚುಚ್ಚಿ, 18ರಲ್ಲಿರುವ ಯುಎಸ್‌ಬಿ ಕಂಟ್ರೋಲರಿನ ಡ್ರೈವರನ್ನು ಬಿಡಿಸಿ.

ನನ್ನನ್ನು ಕೇಳಿದರೆ, ಬರೀ ತೂಕ ಓದಲು ಇಷ್ಟೆಲ್ಲ ಬೇಡ. ಕಾರ್ಡನ್ನು ಲಿನಕ್ಸಿಗೇ ಬಿಟ್ಟು, ಅದರ ಸೀರಿಯಲ್ ಪೋರ್ಟನ್ನು ಮಾತ್ರ ವರ್ಚುವಲ್ ಮೆಷಿನ್ ಓಡಿಸುವ ಕ್ಯೂಎಮು ತಂತ್ರಾಂಶದ ಮೂಲಕ ಗೆಸ್ಟಿಗೆ ಕಾಮ್1 ಆಗಿ ಕೊಡಿ. 9,600 ಬಾಡ್‌ನ ತೂಕಕ್ಕೆ ಅದು ಧಾರಾಳ.

ಪ್ರಶ್ನೆ: ವಿಂಡೋಸ್ 10 ಗೆಸ್ಟಿಗೆ ಗ್ರಾಫಿಕ್ಸ್ ಕಾರ್ಡು ಕೊಟ್ಟಿದ್ದೇನೆ. ಚಿತ್ರ ಚೆನ್ನಾಗಿದೆ, ಎಚ್‌ಡಿಎಂಐ ಧ್ವನಿ ಮಾತ್ರ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ.
– ಓದುಗರು, ಹೊಸೂರು

ಉತ್ತರ: ಕಾರ್ಡಿನ ಆಡಿಯೊ ಭಾಗ ಹಳೆಯ ಲೈನ್ ಇಂಟರಪ್ಟಿನಲ್ಲೇ ಇದೆಯೇ ನೋಡಿ. ಹಾಗಿದ್ದರೆ ಪ್ರತಿ ಸಲವೂ ಮಾಸ್ಕ್, ಇಒಐ, ಮಾಸ್ಕ್ ತೆಗೆಯುವುದು ಎಂಬ ಮೇಲಿನ ಸುತ್ತು ನಡೆಯಬೇಕು. ಆ ತಡ ಕಿವಿಗೆ ಬೀಳುತ್ತದೆ. ಎಂಎಸ್‌ಐ (ಲೈನಿನ ಬದಲು ಸಂದೇಶವಾಗಿ ಬರುವ ಇಂಟರಪ್ಟ್) ಮಿಸ್ಡ್ ಕಾಲ್ ಇದ್ದಂತೆ, ಒಮ್ಮೆ ಮೆಮೊರಿಗೆ ಬರೆದರೆ ಮುಗಿಯಿತು. ಮಾಸ್ಕ್ ಮಾಡಿ ಕಾಯುವ ಕೆಲಸವೇ ಹೋಸ್ಟಿಗಿಲ್ಲ. ಹೋಸ್ಟಿನ ಎಲ್‌ಎಸ್‌ಪಿಸಿಐಯಲ್ಲಿ ಆ ಆಡಿಯೊ ಸಾಧನಕ್ಕೆ ‘ಎಂಎಸ್‌ಐ: ಎನೇಬಲ್’ ಮುಂದೆ ಮೈನಸ್ ಇದ್ದರೆ ಸೌಲಭ್ಯವಿದೆ, ಬಳಕೆಯಾಗುತ್ತಿಲ್ಲ ಎಂದರ್ಥ. ಆ ಸಾಲೇ ಇಲ್ಲದಿದ್ದರೆ ಮುಂದುವರಿಯಬೇಡಿ.

ಗೆಸ್ಟಿನ ರಿಜಿಸ್ಟ್ರಿಯಲ್ಲಿ ಆ ಸಾಧನದ ‘ಡಿವೈಸ್ ಪ್ಯಾರಾಮೀಟರ್ಸ್’, ಅದರೊಳಗೆ ‘ಇಂಟರಪ್ಟ್ ಮ್ಯಾನೇಜ್‌ಮೆಂಟ್’ ತೆರೆದು, ‘ಮೆಸೇಜ್ ಸಿಗ್ನಲ್ಡ್ ಇಂಟರಪ್ಟ್ ಪ್ರಾಪರ್ಟೀಸ್’ ಕೀಲಿಯಲ್ಲಿ (ಹೆಸರುಗಳಲ್ಲಿ ಎಲ್ಲಿ ಸ್ಪೇಸ್ ಇದೆ ನೋಡಿಕೊಳ್ಳಿ, ಇದರಲ್ಲಿ ಇಲ್ಲ) ‘ಎಂಎಸ್‌ಐಸಪೋರ್ಟೆಡ್’ ಎಂಬ ಡಿವರ್ಡ್‌ಗೆ 1 ಕೊಟ್ಟು ರೀಸ್ಟಾರ್ಟ್ ಮಾಡಿ. ಡಿವೈಸ್ ಮ್ಯಾನೇಜರಿನಲ್ಲಿ ಐಆರ್‌ಕ್ಯೂ ಸಂಖ್ಯೆ ಮೈನಸ್ ಆಗಿ ಕಂಡರೆ ಗೆದ್ದಿರಿ. ಡ್ರೈವರ್ ಅಪ್‌ಡೇಟ್ ಆದಾಗ ಇದು ಅಳಿಸಿಹೋಗಬಹುದು, ಆಗ ಮತ್ತೆ ಹಾಕಿ.

ಪ್ರಶ್ನೆ: ‘ಇಂಟರಪ್ಟ್ ರೀಮ್ಯಾಪಿಂಗ್ ಇಲ್ಲ’ ಎಂದು ವಿಎಫ್‌ಐಒ ನಿರಾಕರಿಸುತ್ತದೆ. ‘ಅಲೋ ಅನ್‌ಸೇಫ್ ಇಂಟರಪ್ಟ್ಸ್’ ಎಂಬ ಆಯ್ಕೆ ಹಾಕಬಹುದೇ?
– ಓದುಗರು, ಆದೋನಿ

ಉತ್ತರ: ಗೆಸ್ಟೂ ನಿಮ್ಮದೇ, ಒಳಗೆ ಓಡುವುದೂ ನಿಮಗೆ ಗೊತ್ತಿರುವುದೇ ಆದರೆ ಹಾಕಿ. ಎಂಎಸ್‌ಐ ಎಂದರೆ ಮೆಮೊರಿಗೆ ಬರೆಯುವುದು ತಾನೆ? ಸಾಧನ ಕಳಿಸುವ ಇಂಟರಪ್ಟನ್ನು ಹಾರ್ಡ್‌ವೇರ್ ಪರಿಶೀಲಿಸಿ ದಾರಿ ತೋರಿಸುವ ರೀಮ್ಯಾಪಿಂಗ್ ಇಲ್ಲದಿದ್ದರೆ ಗೆಸ್ಟ್ ಆ ಸಾಧನದ ಡಿಎಂಎಯಿಂದ (ಸಾಧನ ತಾನೇ ಮೆಮೊರಿಗೆ ಬರೆಯುವ ಕ್ರಮ) ತನಗೆ ಬೇಕಾದ ಇಂಟರಪ್ಟನ್ನು ಹೋಸ್ಟಿಗೇ ಹೊಡೆಯಬಹುದು. ಬಾಡಿಗೆಗೆ ಕೊಡುವ ಗೆಸ್ಟಾದರೆ ಬೇಡ. ಅದಕ್ಕೂ ಮೊದಲು ಬಯೋಸ್ ತೆರೆದು ನೋಡಿ. ವಿಟಿ-ಡಿ (ಗೆಸ್ಟಿಗೆ ಸಾಧನ ಒಪ್ಪಿಸಲು ಬೇಕಾದ ಇಂಟೆಲ್ ಸೌಲಭ್ಯ) ಜತೆಗೆ ಎಕ್ಸ್2ಎಪಿಕ್ ಅಥವಾ ಇಂಟರಪ್ಟ್ ರೀಮ್ಯಾಪಿಂಗ್ ಎಂಬ ಆಯ್ಕೆ ಆಫ್ ಆಗಿ ಕೂತಿರುವುದುಂಟು.